ಮೂರು ಭಾಷೆ ಬಲ್ಲ ಟೀಚರು ಬೇಕಾಗಿದ್ದಾರೆ

"ಈ ಬೇಲಿ ನೋಡು ಭಾನು" ಎಂದಳು ನಾಗವೇಣಿ, ಫೋನಿನಲ್ಲಿದ್ದ ಶಾಲೆಯ ಫೋಟೋ ತೋರಿಸುತ್ತ.

ಭಾನು ನೋಡಲಿಲ್ಲ. ನಡುಮನೆಯಲ್ಲಿ ಬಾಯಿ ತೆರೆದುಕೊಂಡಿದ್ದ ನೀಲಿ ಸೂಟ್‌ಕೇಸಿಗೆ ಸೀರೆಗಳನ್ನು ಒತ್ತಿ ಒತ್ತಿ ತುಂಬುತ್ತಿದ್ದಳು. ಅವಳ ಅವ್ವ ಅಕ್ಕಯಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹುರಿಹಿಟ್ಟಿನ ಡಬ್ಬಿಗೆ ಟೇಪು ಸುತ್ತುತ್ತಿದ್ದಳು. ಸಾಯಂಕಾಲ ನಾಲ್ಕಕ್ಕೆ ಹೊಸೂರಿನಾಚೆಯ ಗಡಿ ಜೂಜುವಾಡಿಯಿಂದ ಏಜೆಂಟನ ಕಾರು ಈ ಗುಮ್ಮಳಾಪುರಕ್ಕೆ ಬರುತ್ತದೆ. ರಾತ್ರಿ ಬೆಂಗಳೂರಿನಿಂದ ವಿಮಾನ. ಈಗ ಬೆಳಗಿನ ಹನ್ನೊಂದು ಗಂಟೆ.

ಇದೇ ಏಜೆಂಟು ಎರಡೂವರೆ ತಿಂಗಳ ಹಿಂದೆ ಇದೇ ವಿದೇಶಿ ಶಾಲೆಗೆಂದು ವಿಮಾನ ಹತ್ತಿಸಿದ್ದ ನಾಗಲಕ್ಷ್ಮಿ, ಭಾನುವಿನ ದೊಡ್ಡಪ್ಪನ ಮಗಳು, ಬಾಯಿಬಿಟ್ಟು ಮಾತಾಡಿ ಇವತ್ತಿಗೆ ಹತ್ತೊಂಬತ್ತು ದಿನವಾಗಿತ್ತು. ದಿನಕ್ಕೊಂದು ಸಲ ಮೂರು ಸಾಲಿನ ಮೆಸೇಜು ಬರುತ್ತಿತ್ತು, ಅಷ್ಟೇ. ಅವಳ ಗಂಡ ಸುಬ್ರಮಣಿ, ತಳಿ ಎಂಬ ಊರಿನ ಹತ್ತಿರ ಕೋಸು ಬೆಳೆಯುವವನು, ಆರು ವರ್ಷದ ಮಗಳನ್ನು ಎತ್ತಿಕೊಂಡೇ ನಾಗವೇಣಿಯ ಹೊಸೂರಿನ ಆಫೀಸಿಗೆ ಬಂದು, "ನನ್ನ ಹೆಂಡ್ತೀನ ಹುಡುಕ್ಕೊಡಕ್ಕ" ಎಂದು ಅತ್ತಿದ್ದು ಕಳೆದ ಸೋಮವಾರ.

ಇವತ್ತು ಅವನೂ ಜೊತೆಗೆ ಬರಬೇಕಿತ್ತು. ಕೋಸಿನ ಲೋಡು ಇದೆ ಎಂದು ಬೆಳಿಗ್ಗೆ ತಪ್ಪಿಸಿಕೊಂಡಿದ್ದ.

ನಾಗವೇಣಿಗೆ ನಲವತ್ತೇಳು. ಹೊಸೂರಿನ ಕಾರ್ಖಾನೆಗಳು ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು, ಅವರು ಬರೆದುಕೊಟ್ಟ ಊರು, ಮನೆ, ಹಳೆಯ ಕೆಲಸ ನಿಜವೋ ಸುಳ್ಳೋ ಎಂದು ನೋಡಿಕೊಂಡು ಬರುವುದು ಅವಳ ಕಸುಬು. ಅದಕ್ಕೂ ಮೊದಲು ಹನ್ನೆರಡು ವರ್ಷ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದಳು. ಕಾಗದ ಎಷ್ಟೇ ಚೆಂದವಾಗಿ ಮಾತಾಡಲಿ, ಆ ವಿಳಾಸದ ಮುಂದೆ ತಾನೇ ಹೋಗಿ ನಿಂತು ನೋಡದೆ ಅವಳು ಯಾವುದಕ್ಕೂ ಸಹಿ ಹಾಕಿದವಳಲ್ಲ. ಈ ಹಟದಿಂದಲೇ ಅವಳಿಗೆ ಹೆಸರು ಬಂದಿತ್ತು. ಈ ಹಟವೇ ಇವತ್ತು ಅವಳ ಕಣ್ಣಿಗೆ ಮಣ್ಣೆರಚಲಿದೆ ಎಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ಎಲ್ಲಾ ಸ್ಕೂಲ್ಗೂ ಬೇಲಿ ಇರ್ತದೆ ವೇಣಕ್ಕ. ಅದ್ರಾಗೇನೈತೆ?" ಎಂದಳು ಭಾನು.

"ಇರ್ತದೆ. ಕಂಬದ ತುದಿ ಎತ್ಲಾಗೆ ಬಗ್ಗೈತೆ, ಅದನ್ನ ಹೇಳು."

ಬೇಕೋ ಬೇಡವೋ ಎಂಬಂತೆ ಭಾನು ಫೋನಿಗೆ ಕಣ್ಣು ಹಾಕಿದಳು. ಹುಲ್ಲುಹಾಸು. ಬಿಳಿ ಕಟ್ಟಡ. ಅದರ ಮುಂದೆ ನಗುತ್ತ ನಿಂತ ನಾಗಲಕ್ಷ್ಮಿ. ಹಿಂದುಗಡೆ ಎತ್ತರದ ಕಾಂಪೌಂಡು, ಅದರ ಮೇಲೆ ಸಾಲು ಕಬ್ಬಿಣದ ಕಂಬಗಳು. ಕಂಬದ ತುದಿಗಳು ಮೊಣಕೈಯಂತೆ ಬಗ್ಗಿದ್ದವು, ಅವುಗಳಿಗೆ ಮುಳ್ಳುತಂತಿ ಬಿಗಿದಿತ್ತು.

"ಒಳಗಡೆಗೆ."

"ನಮ್ಮ ಫ್ಯಾಕ್ಟ್ರಿ ಗೋಡೆ ಮೇಲೆ ಅದು ಹೊರಗಡೆಗೆ ಬಗ್ಗಿರ್ತದೆ. ಆಚೆಯಿಂದ ಹತ್ತೋ ಕಳ್ಳಂಗೆ ಅಡ್ಡ ಸಿಗ್ಲಿ ಅಂತ. ಒಳಗಡೆಗೆ ಬಗ್ಸೋದು ಒಳಗಿರೋರು ಹತ್ತಿ ಆಚೆ ಹೋಗ್ದಂಗೆ. ಮಕ್ಳು ಓದೋ ಜಾಗಕ್ಕೆ ಅದ್ಯಾಕೆ ಬೇಕು?"

ಸೂಟ್‌ಕೇಸಿನ ಮೇಲಿದ್ದ ಭಾನುವಿನ ಕೈ ನಿಂತಿತು.

ಬಾಗಿಲ ಬಳಿ ಕೂತಿದ್ದ ಭಾನುವಿನ ಅಪ್ಪ ಪಾಪಯ್ಯ ಗಂಟಲು ಸರಿಮಾಡಿಕೊಂಡ. ಮಗಳ ಈ ಕೆಲಸದಿಂದ ಊರಿನಲ್ಲಿ ಅವನ ತಲೆ ಎರಡು ಅಂಗುಲ ಮೇಲೇರಿತ್ತು, ಅದನ್ನು ಅಷ್ಟು ಸುಲಭವಾಗಿ ಇಳಿಸಿಕೊಳ್ಳಲು ಅವನು ತಯಾರಿರಲಿಲ್ಲ.

"ಒಂದ್ ಪೈಸಾ ಈಸ್ಕಂಡಿಲ್ಲ ಕಣಮ್ಮ ಅವ್ರು. ಟಿಕೆಟ್ಟೂ ಅವ್ರದೇ. ಮೋಸ ಮಾಡೋನು ಮೊದ್ಲು ದುಡ್ಡು ಕೇಳಲ್ವಾ?"

"ಅದ್ಕೇ ನಂಗೆ ಭಯ ಪಾಪಯ್ಯಣ್ಣ. ಕೇಳಿದ್ರೆ ದುಡ್ಡು ಒಂದೇ ಹೋಗ್ತಿತ್ತು. ಕೇಳ್ದೇ ಇರೋರ್ಗೆ ನಮ್ಮಿಂದ ಇನ್ನೇನೋ ಬೇಕಾಗಿರ್ತದೆ."

ಅವಳು ನೇಮಕಾತಿ ಪತ್ರವನ್ನು ಮತ್ತೆ ಬಿಡಿಸಿದಳು. ಮೂರು ಪುಟ, ಅಂಚಿಗೆ ಚಿನ್ನದ ಬಣ್ಣ. ಸಂಬಳ, ರೂಮು, ಊಟ, ರಜೆ ಎಲ್ಲ ಬರೆದಿದ್ದರು. ಯಾವ ತರಗತಿಗೆ, ಯಾವ ವಿಷಯ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಶಾಲೆಗೆ ಫೋನ್ ನಂಬರಿಲ್ಲ. ಕೆಲಸದ ವೀಸಾ ಇಲ್ಲ. ಪ್ರವಾಸಿಗರಂತೆ ಹೋಗಿ ಇಳಿಯಬೇಕು, ಆಮೇಲೆ ಅವರೇ ಬದಲಾಯಿಸಿಕೊಡುತ್ತಾರಂತೆ. ಟಿಕೆಟು ಬ್ಯಾಂಕಾಕಿನವರೆಗೆ, ಅದೂ ಹೋಗುವುದಕ್ಕೆ ಮಾತ್ರ. ಅಲ್ಲಿಂದ ಶಾಲೆಯ ಗಾಡಿ ಎಂಟು ಗಂಟೆ ಓಡಿ ಒಂದು ನದಿ ದಾಟಿಸುತ್ತದಂತೆ. ನದಿಯ ಆಚೆಗೆ ಯಾವ ದೇಶ ಎಂದು ಪತ್ರ ಹೇಳುತ್ತಿರಲಿಲ್ಲ.

"ನಿನ್ನ ಬಿ.ಎಡ್. ಸರ್ಟಿಫಿಕೇಟು ನೋಡಿದ್ರಾ?"

"ಫೈಲ್ ತಗೊಂಡೋಗಿದ್ದೆ. ಬೇಡ ಅಂದ್ರು."

"ಡೆಮೊ ಕ್ಲಾಸ್ ತಗೊಂಡ್ರಾ? ಬೋರ್ಡ್ ಮುಂದೆ ನಿಲ್ಸಿ ಪಾಠ ಮಾಡ್ಸಿದ್ರಾ?"

ಭಾನು ತಲೆ ಅಡ್ಡಡ್ಡ ಆಡಿಸಿದಳು. ತಳಿಯ ಖಾಸಗಿ ಶಾಲೆಯಲ್ಲಿ ಅವಳು ನಾಲ್ಕು ವರ್ಷ ಟೀಚರಾಗಿದ್ದಳು. ಅಲ್ಲಿ ಎಲ್‌ಕೆಜಿ ಆಯಾಳನ್ನು ತೆಗೆದುಕೊಳ್ಳುವಾಗಲೂ ಕರೆಸ್ಪಾಂಡೆಂಟು, ಅಂದರೆ ಶಾಲೆ ನಡೆಸುವವನು, ಅರ್ಧ ದಿನ ಮಕ್ಕಳ ಜೊತೆ ಬಿಟ್ಟು ನೋಡುತ್ತಿದ್ದ. ಆ ಮನುಷ್ಯನ ಮುಖದ ಮೇಲೇ ರಾಜೀನಾಮೆ ಇಟ್ಟು ಬಂದು ಹತ್ತು ದಿನವಾಗಿತ್ತು. ಮತ್ತೆ ಹೋಗಿ ಅವನ ಎದುರು ನಿಲ್ಲುವುದಕ್ಕಿಂತ ನದಿ ದಾಟುವುದೇ ಮೇಲು ಎಂದು ಅವಳಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

"ಮತ್ತೆ ಇಂಟರ್‌ವ್ಯೂನಲ್ಲಿ ಏನು ಕೇಳಿದ್ರು?"

"ಮಾತಾಡ್ಸಿದ್ರು. ಕನ್ನಡ, ತಮಿಳು, ತೆಲುಗು, ಮೂರ್ರಾಗೂ. ನಂಗಿಂತ ಚೆನ್ನಾಗಿ ಯಾರೂ ಮಾಡ್ಲಿಲ್ಲ ಅಂದ್ರು ವೇಣಕ್ಕ."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಬೆಳಕು ಮೂಡಿತು.

ಈ ಸೀಮೆಯವರ ಪಾಡು ಈ ಸೀಮೆಯವರಿಗೇ ಗೊತ್ತು. ಇವರ ತಮಿಳು ಕೇಳಿ ಕೃಷ್ಣಗಿರಿಯ ಆಫೀಸಿನಲ್ಲಿ ನಗುತ್ತಾರೆ. ಇವರ ಕನ್ನಡ ಕೇಳಿ ಬೆಂಗಳೂರಿನಲ್ಲಿ ನಗುತ್ತಾರೆ. ತೆಲುಗು ಆಡಿದರೆ ಆಂಧ್ರದ ಬೀಗರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಒಂದೇ ವಾಕ್ಯದಲ್ಲಿ ಮೂರನ್ನೂ ಕಲಸಿ ಆಡುವ ನಾಲಿಗೆಯನ್ನು ಜಗತ್ತಿನಲ್ಲಿ ಯಾರೂ ಹೊಗಳಿದ್ದಿಲ್ಲ. ಅಂಥ ಊರುಗಳ ಬಸ್‌ಸ್ಟಾಪಿನಲ್ಲಿ ಮೂರು ತಿಂಗಳ ಹಿಂದೆ ಒಂದು ಪೋಸ್ಟರು ಬಿತ್ತು: ಕನ್ನಡ, ತಮಿಳು, ತೆಲುಗು ಮೂರೂ ಬಲ್ಲ ಟೀಚರು ಬೇಕಾಗಿದ್ದಾರೆ, ವಿದೇಶದಲ್ಲಿ ಕೆಲಸ. ಓದಿದವರ ಎದೆ ಉಬ್ಬಿತು. ನದಿಯಾಚೆಯ ಇಂಗ್ಲಿಷ್ ಶಾಲೆಗೆ ಈ ಮೂರು ಭಾಷೆ ಯಾತಕ್ಕೆ ಎಂದು ಒಬ್ಬರೂ ಕೇಳಲಿಲ್ಲ.

"ಏನಂತ ಮಾತಾಡ್ಸಿದ್ರು? ಅದನ್ನೇ ಮಾತಾಡಿ ತೋರ್ಸು."

ಭಾನು ನಾಚಿಕೊಂಡೇ ಹೇಳಿದಳು. "ಒಬ್ರು ಎಪ್ಪತ್ತು ವರ್ಷದ ತಾತ ಅಂದ್ಕೋ ಅಂದ್ರು. ಅವ್ರ ಬ್ಯಾಂಕ್ ಖಾತೆ ನಿಂತೋಗೈತೆ, ಭಯ ಬಿದ್ದವ್ರೆ. ಧೈರ್ಯ ಹೇಳ್ಬೇಕು. ತಾತ, ನೀವೇನೂ ಹೆದರ್ಬೇಡಿ, ನಿಮ್ಮ ಮೊಮ್ಮಗಳು ಇದ್ದಂಗೆ ನಾನು, ಫೋನ್‌ಗೆ ಒಂದು ನಂಬರ್ ಬಂದಿರ್ತದೆ, ಅದನ್ನ ಓದಿ ಹೇಳಿ ಸಾಕು, ಅಂತ. ನಮ್ಗೆ ತಾಳ್ಮೆ ಎಷ್ಟೈತೆ ಅಂತ ನೋಡಕ್ಕಂತೆ."

ಅಕ್ಕಯಮ್ಮ ಟೇಪು ಕೆಳಗಿಟ್ಟಳು. ಅವಳಿಗೆ ಓದು ಬರದು. ಆದರೆ ಅಂಥದೇ ಒಂದು ಫೋನಿಗೆ ಅವಳ ಸ್ವಂತ ಅಣ್ಣ ಕಳೆದ ದಸರೆಯಲ್ಲಿ ಇದ್ದದ್ದೆಲ್ಲ ಹೇಳಿಕೊಟ್ಟು ಬರಿಗೈಯಾಗಿದ್ದ.

"ಮಕ್ಳಿಗೆ ಪಾಠ ಹೇಳಕಲ್ಲ ಕಣೆ ನಿನ್ನ ಕರೀತಿರೋದು" ಎಂದಳು ನಾಗವೇಣಿ. "ಮುದುಕ್ರಿಗೆ ಫೋನ್ ಮಾಡಿ ಟೋಪಿ ಹಾಕಕ್ಕೆ. ನಿನ್ನ ಈ ಬಾಯಿ ಒಂದಿದ್ರೆ ಅವ್ರಿಗೆ ಮೂರು ರಾಜ್ಯ ಸಿಗ್ತದೆ."

"ನಾಗಲಕ್ಷ್ಮಕ್ಕ ಅಂಥದ್ದಕ್ಕೆ ಒಪ್ಕಂತಾಳಾ?"

"ಒಪ್ದೇ ಹೋದ್ರೆ ಏನ್ಮಾಡ್ತಾರೆ ಅಂತ ನಾನು ಹೇಳ್ಲಾರೆ. ಆ ಬೇಲಿ ಹೇಳ್ತದೆ."

ಭಾನುವಿನ ಕಣ್ಣು ತುಂಬಿಕೊಂಡಿತು. ಭಯಕ್ಕಿಂತ ಹೆಚ್ಚು ಅವಮಾನ. ಕೋಪದಿಂದಲೇ ಫೋನು ತೆಗೆದು ಏಜೆಂಟು ಮುರಳಿಕೃಷ್ಣನಿಗೆ ಕರೆ ಮಾಡಿ ಸ್ಪೀಕರು ಹಾಕಿದಳು. ಬೇಲಿಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ನೇರವಾಗಿ ಕೇಳಿದಳು.

ಅವನು ಚೂರೂ ಬೆಚ್ಚಲಿಲ್ಲ. "ಕೇಳ್ಬೇಕಮ್ಮ, ಕೇಳೋದೇ ಸರಿ. ನಿಮ್ಮ ಮೇಡಂ ಬಗ್ಗೆ ನಾನೂ ಕೇಳಿದ್ದೀನಿ, ಅಡ್ರೆಸ್‌ಗೆ ಹೋಗಿ ನಿಂತು ನೋಡೋರು ಅಂತ. ನಮ್ಮ ಜೂಜುವಾಡಿ ಆಫೀಸಿಗೆ ಕಳ್ಸಿ, ಎಲ್ಲಾ ಕಾಗದ ತೋರಿಸ್ತೀನಿ. ಅವ್ರು ಸರಿ ಅಂದ್ರೆ ನಾಲ್ಕಕ್ಕೆ ಕಾರು. ಇಲ್ಲಾ ಅಂದ್ರೆ ಕಾರೇ ಬರಲ್ಲ."

ಇದಕ್ಕಿಂತ ನ್ಯಾಯವಾದ ಮಾತು ಇನ್ನೇನಿದೆ? ನಾಗವೇಣಿ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡಳು.

"ನಾನು ಫೋನ್ ಮಾಡೋವರ್ಗೂ ಅವ್ರ ಕಾರು ಹತ್ತಬಾರ್ದು. ಅವ್ವನ ತಲೆ ಮುಟ್ಟಿ ಹೇಳು."

ಭಾನು ಅಕ್ಕಯಮ್ಮನ ನೆತ್ತಿಯ ಮೇಲೆ ಕೈ ಇಟ್ಟಳು. "ಹತ್ತಲ್ಲ."

ಹೊಸ್ತಿಲು ದಾಟುವಾಗ ನಾಗವೇಣಿ ಪಾಪಯ್ಯನಿಗೆ ಹೇಳಿದಳು: "ಏನಾದ್ರೂ ಹೆಚ್ಚುಕಮ್ಮಿ ಅನ್ಸಿದ್ರೆ ಸುಬ್ರಮಣಿಗೆ ಫೋನ್ ಮಾಡಣ್ಣ. ನಂಗಿಂತ ಅವ್ನೇ ನಿಮ್ಗೆ ಹತ್ರ."

ಗುಮ್ಮಳಾಪುರದಿಂದ ಜೂಜುವಾಡಿಗೆ ನಲವತ್ತು ಕಿಲೋಮೀಟರಿನ ಆಸುಪಾಸು. ತಳಿ ದಾಟುವವರೆಗೆ ತಂಪು ಗಾಳಿ, ಎರಡೂ ಕಡೆ ಕೋಸು, ರಾಗಿ, ಗುಲಾಬಿಯ ಪ್ಲಾಸ್ಟಿಕ್ ಚಪ್ಪರಗಳು. ಒಂದು ಕಡೆ ನಿಂತು ಸುಬ್ರಮಣಿಗೆ ಕರೆ ಮಾಡಿದಳು. ಬೇರೆ ಕರೆಯಲ್ಲಿದ್ದಾರೆ ಎಂದಿತು. ಹೊಸೂರಿನಲ್ಲಿ ಇನ್ನೊಮ್ಮೆ ಮಾಡಿದಳು. ಆಗಲೂ ಅದೇ ಮಾತು. ಕೋಸಿನ ವ್ಯಾಪಾರ ಜೋರಿದೆ ಎಂದುಕೊಂಡು ಮುಂದೆ ಹೋದಳು.

ಗಡಿಯಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಮುರಳಿಕೃಷ್ಣನ ಆಫೀಸು. ಬಾಗಿಲಲ್ಲೇ ಕಾದು ನಿಂತಿದ್ದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಚಂದನ.

"ಉಕ್ಕಾರುಂಗ ಮೇಡಂ, ಕೂತ್ಕೊಳ್ಳಿ. ಬಿಸ್ಲಲ್ಲಿ ಬಂದಿದ್ದೀರಿ. ಟೀ ಹೇಳ್ಲಾ?"

"ನಾಗಲಕ್ಷ್ಮಿ ಎಲ್ಲಿ?" ಎಂದಳು ನಾಗವೇಣಿ, ಕೂರದೆ.

"ಸ್ಕೂಲಲ್ಲಿ." ಅವನು ನಕ್ಕ.

ಗೋಡೆಯ ತುಂಬ ಫೋಟೋಗಳು. ವಿಮಾನ ನಿಲ್ದಾಣದ ಮುಂದೆ ಪೆಟ್ಟಿಗೆ ಹಿಡಿದು ನಿಂತ ಹುಡುಗಿಯರು, ಹನ್ನೊಂದು ಜನ. ಎಲ್ಲರದೂ ಒಂದೇ ಥರದ ನಗು, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಹೊಸ ಚೂಡಿದಾರ. ಒಂಬತ್ತನೆಯವಳು ನಾಗಲಕ್ಷ್ಮಿ.

"ತಿರುಗಿ ಬಂದವ್ರ ಫೋಟೋ ಇದ್ರಲ್ಲಿ ಯಾವ್ದು?"

"ಯಾಕೆ ತಿರುಗಿ ಬರ್ತಾರೆ ಮೇಡಂ? ಅಲ್ಲೇ ಚೆನ್ನಾಗಿದ್ದಾರೆ."

"ಸ್ಕೂಲಲ್ಲಿ ಎಷ್ಟು ಮಕ್ಳು?"

"ನಾನೂರು."

"ನೀವು ಕೊಟ್ಟ ಇಪ್ಪತ್ತು ಫೋಟೋದಲ್ಲಿ ಒಂದು ಮಗೂನೂ ಇಲ್ಲ."

"ಮಕ್ಳ ಫೋಟೋ ತೆಗೆಯೋ ಹಂಗಿಲ್ಲ ಅಲ್ಲಿ. ರೂಲ್ಸು."

"ಮಗು ಬೇಡ ಬಿಡಿ. ಒಂದು ಬ್ಯಾಗು? ಒಂದು ನೀರಿನ ಬಾಟ್ಲಿ? ಬಾಗಿಲಾಗೆ ಒಂದು ಚಪ್ಲಿ? ಸ್ಕೂಲಂದ್ರೆ ಭಾನುವಾರ ಹೋದ್ರೂ ಏನಾದ್ರೊಂದು ಬಿದ್ದಿರ್ತದೆ."

ಟೀ ಬಂತು. ಅವನು ತಾನೇ ಲೋಟ ಎತ್ತಿ ಅವಳ ಮುಂದಿಟ್ಟ. ಮೇಜಿನ ಮೇಲೆ ಬೋರಲು ಮಲಗಿಸಿದ್ದ ಫೋನಿನ ಕಡೆ ಅವನ ಕಣ್ಣು ಪದೇ ಪದೇ ಹೋಗುತ್ತಿದ್ದುದನ್ನು ಅವಳು ನೋಡಿದಳು. ತನಗೆ ಹೆದರಿದ್ದಾನೆ ಎಂದೇ ಅವಳು ತಿಳಿದಳು. ಹನ್ನೆರಡು ವರ್ಷ ಗೇಟಿನಲ್ಲಿ ನಿಂತವಳಿಗೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ.

"ವಿದೇಶಕ್ಕೆ ಜನ ಕಳ್ಸೋ ಏಜೆಂಟ್ಗೆ ಸರ್ಕಾರ ಒಂದು ನೋಂದಣಿ ನಂಬರ್ ಕೊಡ್ತದೆ. ಬೋರ್ಡಲ್ಲಿ ಕಾಣ್ಲಿಲ್ಲ."

"ನಾವು ಏಜೆಂಟಲ್ಲ ಮೇಡಂ. ಕನ್ಸಲ್ಟೆನ್ಸಿ. ದಾರಿ ತೋರ್ಸೋರು ಅಷ್ಟೇ."

"ಕಾಗದ ಎಲ್ಲಾ ತೋರಿಸ್ತೀನಿ ಅಂದ್ರಿ. ಎಲ್ಲಿ?"

"ತೋರಿಸೋಣ. ಟೀ ಕುಡೀರಿ ಮೊದ್ಲು."

ಅವಳಿಗೆ ರೇಗಿತು. ಫೋಟೋ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಹೋಗ್ಲಿ, ಇದೊಂದನ್ನ ಹೇಳಿ. ಈ ಬೇಲಿ ಯಾಕೆ ಒಳಗಡೆಗೆ ಬಗ್ಗೈತೆ?"

ಆಗ ಮೊದಲ ಸಲ ಅವನ ನಗು ಇಳಿಯಿತು. ಫೋಟೋವನ್ನು ಹತ್ತಿರ ಎಳೆದುಕೊಂಡು ನಿಧಾನವಾಗಿ ನೋಡಿದ. ಇದುವರೆಗೂ ಅದನ್ನು ಅವನೂ ಗಮನಿಸಿರಲಿಲ್ಲ.

"ಇದನ್ನ ಯಾರೂ ಕೇಳಿರ್ಲಿಲ್ಲ" ಎಂದ. ದನಿಯಲ್ಲಿ ಮೆಚ್ಚುಗೆ ಇತ್ತು.

ಅಷ್ಟರಲ್ಲಿ ಫೋನು ಒಂದು ಸಲ ಗುಂಯ್ ಎಂದಿತು. ಅವನು ತಿರುಗಿಸಿ ಓದಿದ. ಓದುತ್ತಿದ್ದಂತೆ ಅವನ ಭುಜಗಳು ಸಡಿಲವಾದವು. ಕುರ್ಚಿಗೆ ಒರಗಿ, ಬಹಳ ದಿನದ ಪರಿಚಯದವನಂತೆ ಕಾಲು ಚಾಚಿದ.

"ನಿಮ್ಮ ಪಾರ್ಟಿ ಸುಬ್ರಮಣಿ ಕೇಳಿದ್ದು ಹೆಂಡ್ತೀನ ತಾನೇ ಮೇಡಂ? ನೀವೇ ಮಾತಾಡಿ."

ಒಂದು ನಂಬರು ಒತ್ತಿ ಫೋನನ್ನು ಅವಳ ಕಡೆ ತಿರುಗಿಸಿ ನಿಲ್ಲಿಸಿದ. ಎರಡು ಸಲ ಸದ್ದಾಗಿ ತೆರೆಯಿತು.

ಗೋಡೆಯ ಫೋಟೋದಲ್ಲಿದ್ದ ಹೆಂಗಸೇ. ಸೊಂಟದವರೆಗಿದ್ದ ಜಡೆ ಇರಲಿಲ್ಲ. ಕೂದಲನ್ನು ಕುತ್ತಿಗೆಯವರೆಗೆ ಒರಟಾಗಿ ಕತ್ತರಿಸಿದ್ದರು. ಕೆನ್ನೆ ಒಳಗೆ ಹೋಗಿತ್ತು. ಎರಡೂ ಕಿವಿಯ ಮೇಲೆ, ದಿನವಿಡೀ ಏನನ್ನೋ ಒತ್ತಿ ಕಟ್ಟಿದ್ದ ಹಾಗೆ ಕಪ್ಪು ಗುರುತು.

"ಚೆನ್ನಾಗಿವ್ನಿ" ಎಂದಳು ನಾಗಲಕ್ಷ್ಮಿ, ಯಾರೂ ಕೇಳುವ ಮೊದಲೇ. "ಊಟ ಚೆ‌ನ್ನಾಗಿ ಕೊಡ್ತಾರೆ. ಸ್ಕೂಲ್ ಚೆನ್ನಾಗೈತೆ. ಎಲ್ಲಾರೂ ಒಳ್ಳೇರು."

ಒಂದನೇ ತರಗತಿಯ ಮಗು ಪಾಠ ಒಪ್ಪಿಸಿದ ಹಾಗಿತ್ತು.

"ನಾನು ನಾಗವೇಣಿ ಅಂತ ಕಣಮ್ಮ. ನಿನ್ನ ಗಂಡ ಕಳ್ಸವ್ನೆ. ಮಗು ಚೆನ್ನಾಗವ್ಳೆ."

ಮಗು ಎಂದದ್ದೇ ತಡ, ನಗುತ್ತಿದ್ದ ಮುಖದ ಮೇಲೆ ನೀರು ಇಳಿಯತೊಡಗಿತು. ನಗು ಮಾತ್ರ ಹಾಗೇ ಇತ್ತು. "ಅವ್ಳಿಗೆ ಹೇಳಿ, ಬರೋ ಸೋಮಾರ ಅಮ್ಮ ಬತ್ತಾಳೆ ಅಂತ."

"ರಜಾ ಕೊಟ್ರಾ?"

"ರಜಾ ಅಲ್ಲ. ಪೂರ್ತಿ ಬಿಡ್ತಾರೆ." ಅವಳ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೋಗಿ ಬಂತು. "ನನ್ನ ಜಾಗಕ್ಕೆ ಭಾನು ಬತ್ತಾವ್ಳಲ್ಲ. ನಮ್ಮನೆಯವ್ರು ನಿಮ್ಗೆ ಹೇಳ್ಲಿಲ್ವಾ?"

ನಾಗವೇಣಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದೊಡನೆ ಫೋನಿನ ಮೇಲೆ ಬಗ್ಗಿದಳು.

"ಅಕ್ಕಾ, ಭಾನೂಗೆ..." ಎಂದು ನಾಗಲಕ್ಷ್ಮಿ ಬಾಯಿ ತೆರೆದಳು. ಬದಿಯಿಂದ ಒಂದು ಕೈ ಬಂತು. ಪರದೆ ಕಪ್ಪಾಯಿತು.

"ನಿಮ್ಮ ಕೇಸು ಮುಗೀತಲ್ಲ ಮೇಡಂ" ಎಂದ ಮುರಳಿಕೃಷ್ಣ. "ಟೀ ಆರ್ತಾ ಐತೆ."

ಅವಳು ಮೆಟ್ಟಿಲಿಳಿದದ್ದು ಹೇಗೋ ಅವಳಿಗೇ ತಿಳಿಯದು. ಟೈರು ಅಂಗಡಿಯ ಮುಂದೆ ನಿಂತು ಪಾಪಯ್ಯನಿಗೆ ಕರೆ ಮಾಡಿದಳು. ಲಾರಿಗಳ ಹಾರನ್ನಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಕಿರುಚಬೇಕಾಯಿತು.

"ಭಾನು ಎಲ್ಲಣ್ಣ?"

"ಆಗ್ಲೇ ಹೋದ್ಲಲ್ಲಮ್ಮ! ಮುಕ್ಕಾಲು ಗಂಟೆ ಆಯ್ತು. ಅಳೀಮಯ್ಯ ಬಂದಿದ್ನಲ್ಲ, ಜೀಪ್ ತಕ್ಕಂಡು."

"ಸುಬ್ರಮಣಿನಾ?"

"ಊಂ. ಏಜೆಂಟನ ಮೇಲೆ ಕೃಷ್ಣಗಿರಿ ಪೊಲೀಸ್ ದೊಡ್ಡ ಸಾಹೇಬ್ರ ಹತ್ರ ಕಂಪ್ಲೇಂಟ್ ಬರ್ಸಿ ಕೊಡೋಣ, ಭಾನೂನ ಕರ್ಕಂಡು ಬಾ ಅಂತ ನೀನೇ ಹೇಳ್ಕಳಿಸ್ದೆಯಂತೆ. ಪಾಸ್‌ಪೋರ್ಟು, ಪೆಟ್ಟಿಗೆ ಎಲ್ಲಾ ಸಾಹೇಬ್ರಿಗೆ ತೋರಿಸ್ಬೇಕು ಅಂದೆಯಂತೆ. ಮನೆ ಅಳಿಯ ಬಂದು ನಿಂತ್ಮೇಲೆ ಇನ್ನೇನಂತ ಕೇಳೋದು? ಅಕ್ಕಯಮ್ಮ ಊಟ ಮಾಡ್ಕಂಡ್ ಹೋಗಪ್ಪ ಅಂತ ಎಷ್ಟು ಹೇಳಿದ್ರೂ ಕೂರ್ಲಿಲ್ಲ. ತಲೆ ಎತ್ತಿ ಅವ್ಳ ಮುಖಾನೂ ನೋಡ್ಲಿಲ್ಲ."

"ಎತ್ಲಾಗೆ ಹೋಯ್ತು ಜೀಪು?"

"ಆನೇಕಲ್ ಕಡೆ ತಿರುಗ್ತು. ಕೃಷ್ಣಗಿರಿಗೆ ಅತ್ಲಾಗೆ ಯಾಕೆ ಅಂತ ನಂಗೂ ಅನ್ಸ್ತು. ಡೀಸೆಲ್ ಹಾಕ್ಸಕ್ಕಿರ್ಬೇಕು ಅಂದ್ಕಂಡೆ." ಆಮೇಲೆ ಅವನ ದನಿ ಕುಗ್ಗಿತು. "ಯಾಕಮ್ಮ? ನೀನು ಕಳಿಸ್ಲಿಲ್ವಾ?"

ಅವಳು ಕರೆ ಕತ್ತರಿಸಿದಳು. ಗುಮ್ಮಳಾಪುರದಿಂದ ಬೆಂಗಳೂರಿಗೆ ಎರಡು ದಾರಿ: ಒಂದು ಹೊಸೂರು, ಜೂಜುವಾಡಿಯ ಮೇಲೆ, ಇನ್ನೊಂದು ಆನೇಕಲ್ ಮೇಲೆ. ಆನೇಕಲ್ಲಿನ ದಾರಿ ಹಿಡಿದವನು ಜೂಜುವಾಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ವಿಳಾಸದ ಮುಂದೆ ನಿಲ್ಲುವ ಹಟದವಳನ್ನು ಒಂದು ವಿಳಾಸದ ಮುಂದೆ ನಿಲ್ಲಿಸಿ ಟೀ ಕುಡಿಸಿದ್ದರು.

ಸುಬ್ರಮಣಿ ಮೂರನೆಯ ಸಲಕ್ಕೆ ಫೋನು ಎತ್ತಿದ.

"ಎಲ್ಲಿದ್ದೀಯ್ಲಾ?"

"ಪೆಟ್ರೋಲ್ ಬಂಕ್ನಾಗೆ." ಜೀಪಿನಿಂದ ದೂರ ಬಂದು ಮಾತಾಡುತ್ತಿದ್ದ, ಉಸಿರು ಕೇಳಿಸುತ್ತಿತ್ತು. "ಬೈಯಿ ಅಕ್ಕ. ಎಷ್ಟು ಬೇಕಾದ್ರೂ ಬೈಯಿ."

"ಅವ್ಳು ನಿನ್ನ ಹೆಂಡ್ತಿ ತಂಗಿ ಕಣ್ಲಾ! ನಿನ್ನನ್ನ ಬಾವ ಅಂತ ನಂಬ್ಕಂಡು ಬಂದವ್ಳೆ."

"ಬೆಳಿಗ್ಗೆ ಫೋನ್ ಬಂತು. ನಾಗಲಕ್ಷ್ಮಿ ಬಾಯಲ್ಲೇ ಹೇಳ್ಸಿದ್ರು. ನಾಕು ದಿನದಿಂದ ಕತ್ಲೆ ರೂಮ್ನಾಗೆ ಹಾಕಿದ್ರಂತೆ, ಯಾರೋ ಒಬ್ಬ ಮುದುಕಪ್ಪಂಗೆ ಮೋಸ ಮಾಡಕ್ಕಾಗ್ದೆ ಫೋನ್ನಾಗೇ ಅತ್ಬುಟ್ಳಂತೆ, ಅದ್ಕೆ. ನೀನು ತಡೆದ್ರೂ ಭಾನೂನ, ಅವ್ಳಂಗೇ ಮಾತಾಡೋಳ್ನ, ನಾನೇ ತಂದು ಕೊಟ್ರೆ ಇವ್ಳನ್ನ ಬಿಡ್ತಾರಂತೆ. ಪೊಲೀಸು ಗಿಲೀಸು ಅಂದ್ರೆ ಇವ್ಳನ್ನ ಇನ್ನೊಂದ್ಕಡೆ ಮಾರ್ಬುಡ್ತಾರಂತೆ. ನಾನೇನಕ್ಕ ಮಾಡ್ಲಿ?"

"ಬಿಡಲ್ಲ ಕಣ್ಲಾ ಅವ್ರು. ಇಬ್ರನ್ನೂ ಇಟ್ಕಂತಾರೆ."

"ಬಿಡಲ್ಲ ಅಂತ ನಿಂಗೆ ಗೊತ್ತಾ? ಖಂಡಿತ ಗೊತ್ತಾ?"

ಕಣ್ಣಾರೆ ಕಾಣದ ಯಾವುದನ್ನೂ ಖಂಡಿತ ಎಂದು ನಾಗವೇಣಿ ಜನ್ಮದಲ್ಲಿ ಹೇಳಿದ್ದಿಲ್ಲ.

"ಇಲ್ಲಿಂದ ಐದು ಕಿಲೋಮೀಟ್ರು" ಎಂದ ಸುಬ್ರಮಣಿ. ಈಗ ಅವನು ಅಳುತ್ತಿದ್ದ. "ಅವ್ರ ಕಾರು ಅಲ್ಲಿ ನಿಂತೈತೆ. ನೀನೇ ಹೇಳಕ್ಕ. ಇಳ್ಸು ಅನ್ನು, ಇಲ್ಲೇ ಇಳಿಸ್ಬುಡ್ತೀನಿ. ದೇವ್ರಾಣೆ ಇಳಿಸ್ತೀನಿ. ಆದ್ರೆ ಅಮ್ಮ ಇನ್ನು ಬರಲ್ಲ ಅಂತ ನನ್ನ ಮಗೀಗೆ ನೀನೇ ಬಂದು ಹೇಳ್ಬೇಕು. ನನ್ನ ಕೈಲಾಗಲ್ಲ."

ಲಾರಿಯೊಂದು ಅವಳನ್ನು ಸವರಿಕೊಂಡೇ ಹೋಯಿತು. ಅವಳು ಕದಲಲಿಲ್ಲ. ಮೇಲೆ, ಮಹಡಿಯ ಕಿಟಕಿಯಲ್ಲಿ ಮುರಳಿಕೃಷ್ಣ ಟೀ ಲೋಟ ಹಿಡಿದು ನಿಂತು ಅವಳನ್ನೇ ನೋಡುತ್ತಿದ್ದ.

"ಜಲ್ದಿ ಹೇಳಕ್ಕ" ಎಂದ ಸುಬ್ರಮಣಿ, ದನಿ ತಗ್ಗಿಸಿ. "ಭಾನು ಜೀಪಿಂದ ಇಳ್ದವ್ಳೆ. ನನ್ನ ಕಡೇಗೇ ಬತ್ತಾವ್ಳೆ."